ಎಲ್ಲ ಪಂಕ್ತಿಯಲ್ಲೂ ಕೂತವನು

ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದು, ಎಲೆಗಳನ್ನು ಎತ್ತಿ, ಮೇಜಿನ ಮೇಲೆ ಹೊಸ ಕಾಗದ ಹಾಸಿ, ಎರಡನೆಯ ಪಂಕ್ತಿಗೆ ಉಪ್ಪು, ಉಪ್ಪಿನಕಾಯಿ ಬಡಿಸತೊಡಗಿದರೂ ಕೂತ ಜಾಗದಿಂದ ಏಳದವನನ್ನು ಬಡಿಸುವವರು ಯಾವ ಕಣ್ಣಿನಿಂದ ನೋಡುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನಲ್ಲಿರುವ ಮಗಳ ಮನೆಯಲ್ಲಿ, ಏಪ್ರಿಲ್ ತಿಂಗಳ ಕೊನೆಯ ಒಂದು ಬುಧವಾರ, ನಾನು ಹಾಗೆ ಕೂತೆ. ಮಂಡಿನೋವಿನಿಂದ ಹೊರಗೆ ಅಡ್ಡಾಡುವಂತಿರಲಿಲ್ಲ. ಮಗಳೂ ಅಳಿಯನೂ ಕೆಲಸಕ್ಕೆ ಹೋಗಿದ್ದರು. ಬಿಬಿಸಿ ಟೂ ವಾಹಿನಿಯನ್ನು ಹಚ್ಚಿ, ಏನೇ ಬರಲಿ, ರಾತ್ರಿ ಮಲಗುವವರೆಗೆ ಬದಲಿಸಬಾರದೆಂದು ನಿಶ್ಚಯಿಸಿದೆ. ಆ ನಿಶ್ಚಯದಲ್ಲಿ ಛಲಕ್ಕಿಂತ ಸೋಮಾರಿತನವೇ ಹೆಚ್ಚಿತ್ತು.

ಬೆಳಗಿನ ಹೊತ್ತು ಬಂದದ್ದೆಲ್ಲ ಹಿಂದೆ ತೋರಿಸಿದವುಗಳ ಮರುಪ್ರಸಾರ. ತಂಗಳು ಚಿತ್ರಾನ್ನದಂತೆ, ಹಸಿವಿದ್ದರೆ ರುಚಿ. ಆದರೆ ಇದೇ ಹೊತ್ತು ಒಂದು ಕಾಲದಲ್ಲಿ ಈ ವಾಹಿನಿಯ ಅತ್ಯಂತ ಗಂಭೀರವಾದ ಹೊತ್ತಾಗಿತ್ತು. 1971ರ ಜನವರಿಯಿಂದ ಬಿಬಿಸಿ ಇಲ್ಲಿನ ಮುಕ್ತ ವಿಶ್ವವಿದ್ಯಾಲಯದ ಪಾಠಗಳನ್ನು ಪ್ರಸಾರ ಮಾಡುತ್ತಿತ್ತು. ಅಗಲವಾದ ಟೈ ಕಟ್ಟಿದ ಗಡ್ಡದ ಪ್ರಾಧ್ಯಾಪಕರು ಕರಿಹಲಗೆಯ ಮುಂದೆ ನಿಂತು, ಊರು ಇನ್ನೂ ಕಣ್ಣು ಬಿಡುವ ಮುನ್ನ, ಕಲನಶಾಸ್ತ್ರವನ್ನೂ ಭೂವಿಜ್ಞಾನವನ್ನೂ ಬೋಧಿಸುತ್ತಿದ್ದ ಆ ಪದ್ಧತಿ 2006ರ ಡಿಸೆಂಬರಿನವರೆಗೆ ನಡೆಯಿತು. ಆ ವಿಶ್ವವಿದ್ಯಾಲಯದ ನೆಲೆ ಮಿಲ್ಟನ್ ಕೀನ್ಸಿನಲ್ಲೇ ಇದೆ. ಮಗಳ ನೆರೆಮನೆಯ ಅಜ್ಜಿ, ತಾನು ಮಕ್ಕಳನ್ನು ಎಬ್ಬಿಸುವ ಮೊದಲೇ ಎದ್ದು, ಟೀವಿಯ ಸದ್ದನ್ನು ಪಿಸುಮಾತಿಗಿಳಿಸಿ, ಮಡಿಲಲ್ಲಿ ನೋಟ್ ಪುಸ್ತಕ ಇಟ್ಟುಕೊಂಡು ಪದವಿ ಮುಗಿಸಿದ್ದನ್ನು ಬೇಲಿಯಾಚೆಯಿಂದ ನನಗೆ ಹೇಳಿದ್ದರು. ಆ ಪ್ರಾಧ್ಯಾಪಕರ ಗಡ್ಡವನ್ನು ಕಂಡು ನಗುವವರು ಇಂದಿಗೂ ಇದ್ದಾರೆ. ಅಜ್ಜಿ ಮಾತ್ರ ನಗಲಿಲ್ಲ.

ವಾಹಿನಿಯ ಹುಟ್ಟಿನ ಕಥೆಯೂ ನನಗೆ ಇಷ್ಟವಾದದ್ದು. ಲೋಡ್ ಶೆಡ್ಡಿಂಗಿನ ನಾಡಿನಿಂದ ಹೋದವನಿಗೆ ಅದು ಇಷ್ಟವಾಗದೆ ಇರುವುದು ಹೇಗೆ? 1964ರ ಏಪ್ರಿಲ್ 20ರ ಸಂಜೆ ಬಿಬಿಸಿ ತನ್ನ ಎರಡನೆಯ ವಾಹಿನಿಯನ್ನು ವಿಜೃಂಭಣೆಯಿಂದ ಆರಂಭಿಸಬೇಕೆಂದು ಸಿದ್ಧವಾಗಿ ಕುಳಿತಿದ್ದಾಗ, ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಬಿದ್ದು ನಗರದ ಪಶ್ಚಿಮ ಭಾಗಕ್ಕೆ ಕತ್ತಲು ಕವಿಯಿತು. ಸ್ಟುಡಿಯೋಗಳೂ ಆ ಕತ್ತಲಿಗೆ ಸೇರಿದವು. ಸಂಗೀತ ನಾಟಕ, ಹಾಸ್ಯ, ಬಾಣಬಿರುಸು ಎಲ್ಲವೂ ನಿಂತುಹೋದವು. ಹೀಗಾಗಿ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪುಟ್ಟ ಮಕ್ಕಳಿಗಾಗಿ ಮಾಡಿದ್ದ ಪ್ಲೇ ಸ್ಕೂಲ್ ಎಂಬ ಕಾರ್ಯಕ್ರಮವೇ ಈ ಘನವಾದ ವಾಹಿನಿಯ ಮೊದಲ ಪೂರ್ಣ ಕಾರ್ಯಕ್ರಮವಾಯಿತು. ದೊಡ್ಡವರು ದೀಪಕ್ಕಾಗಿ ಕಾಯುತ್ತಿರುವಾಗ ಮಕ್ಕಳ ಪಂಕ್ತಿ ಮೊದಲು ಕೂತಿತು. ನಮ್ಮ ಸಮಾರಂಭಗಳಲ್ಲಿ ಇದು ತಾನಾಗಿಯೇ ನಡೆಯುವ ಸಂಗತಿ. ಆ ಮರುದಿನದ ಸಂಜೆ ನಿರೂಪಕರೊಬ್ಬರು ಕತ್ತಲ ಸ್ಟುಡಿಯೋದಲ್ಲಿ ಮೇಣದ ಬತ್ತಿ ಹಿಡಿದು ಕಾಣಿಸಿಕೊಂಡು, ಅದನ್ನು ಊದಿ ಆರಿಸಿದ ಮೇಲೆ ವಾಹಿನಿ ವಿಧ್ಯುಕ್ತವಾಗಿ ಶುರುವಾಯಿತು.

ಆ ದಿನಗಳಲ್ಲಿ ಹಗಲಿನ ಬಹುಪಾಲು ಬರಿದಾಗಿರುತ್ತಿತ್ತಂತೆ. ಏನೂ ಇಲ್ಲದ ಹೊತ್ತಿನಲ್ಲಿ ಪರೀಕ್ಷಾ ಚಿತ್ರವೊಂದನ್ನು ತೋರಿಸುತ್ತಿದ್ದರು. 1967ರಿಂದ ಬಂದ ಚಿತ್ರದಲ್ಲಿ ಒಬ್ಬ ಹುಡುಗಿ ಬಟ್ಟೆಯ ಗೊಂಬೆಯೊಂದರ ಜೊತೆ ಕರಿಹಲಗೆಯ ಮೇಲೆ ಸೊನ್ನೆ, ಕತ್ತರಿಗಳ ಆಟವಾಡುತ್ತಿದ್ದಾಳೆ. ಆಟದ ಕತ್ತರಿ ಗುರುತು ಪರದೆಯ ನಟ್ಟನಡುವಿಗೆ ಬರುವಂತೆ ಇಟ್ಟಿದ್ದರಿಂದ, ರಿಪೇರಿಯವನಿಗೆ ಪೆಟ್ಟಿಗೆಯನ್ನು ಸರಿಹೊಂದಿಸಲು ಅನುಕೂಲವಾಗುತ್ತಿತ್ತು. ಆ ಹುಡುಗಿ ಚಿತ್ರವನ್ನು ರೂಪಿಸಿದ ಎಂಜಿನಿಯರನ ಮಗಳು. ದಶಕಗಳ ಕಾಲ ಅವಳ ಆಟ ಮುಗಿಯಲೇ ಇಲ್ಲ. ರಿಪೇರಿಯವನ ಪಂಕ್ತಿಗೂ ಈ ಮನೆಯಲ್ಲಿ ಎಲೆ ಇತ್ತೆಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ಬುಧವಾರವಾದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಮೆರಾ ಪಾರ್ಲಿಮೆಂಟಿನೊಳಗೆ ಹೋಯಿತು. ಪ್ರಧಾನಿ ವಾರಕ್ಕೊಮ್ಮೆ ಎದ್ದು ನಿಂತು ಪ್ರಶ್ನೆಗಳಿಗೆ ಉತ್ತರಿಸುವ ಹೊತ್ತು ಅದು. 1997ಕ್ಕೆ ಮುಂಚೆ ವಾರದಲ್ಲಿ ಎರಡು ಬಾರಿ ಕಾಲು ಗಂಟೆಯಂತೆ ಇದ್ದದ್ದನ್ನು ಅರ್ಧ ಗಂಟೆಯ ಒಂದೇ ಬಾರಿಗೆ ಕೂಡಿಸಿದ್ದಾರೆ. ಸಭಾಧ್ಯಕ್ಷರ ಕಣ್ಣಿಗೆ ಬೀಳಲೆಂದು ಸದಸ್ಯರು ಮತ್ತೆ ಮತ್ತೆ ಎದ್ದು ಕೂರುವುದನ್ನು, ಹಸಿರು ಬೆಂಚುಗಳ ಮೇಲಿಂದ ಏಳುವ ಆ ಗದ್ದಲವನ್ನು ನೋಡುತ್ತ, ನನ್ನ ಮಂಡಿಗೆ ಆ ಕೆಲಸ ಒಗ್ಗುವುದಿಲ್ಲವೆಂದು ಮನಗಂಡೆ. ಪ್ರಶ್ನೆಗಳು ಚುರುಕಾಗಿದ್ದವು. ಉತ್ತರಗಳು ಬೇರೆ ಯಾವುದೋ ಪ್ರಶ್ನೆಗಳಿಗೆ ಹೇಳಿದಂತಿದ್ದವು. ಈ ವಿಷಯದಲ್ಲಿ ನಾನು ತವರಿನಲ್ಲೇ ಇದ್ದೆ.

ಇಷ್ಟು ಹೊತ್ತಿಗೆ ಒಂದು ಕಷ್ಟ ಎದುರಾಗಿತ್ತು. ನಮ್ಮ ಮನೆಯಲ್ಲಿ ಟೀವಿ ನೋಡುವಾಗ ಏಳುವುದು ಜಾಹೀರಾತಿನ ಹೊತ್ತಿಗೆ. ಕುಕ್ಕರ್ ಇಳಿಸುವುದು, ಬಚ್ಚಲಿಗೆ ಹೋಗುವುದು ಎಲ್ಲವೂ ಆ ಲೆಕ್ಕಕ್ಕೇ ಹೊಂದಿಕೊಂಡಿವೆ. ಬಿಬಿಸಿಯ ಈ ವಾಹಿನಿಯಲ್ಲಿ ಜಾಹೀರಾತಿಲ್ಲ. ಟೀವಿ ನೋಡುವ ಮನೆಯವರು ವರ್ಷಕ್ಕೆ ಕಟ್ಟುವ ಲೈಸೆನ್ಸ್ ಶುಲ್ಕದಿಂದ ಅದು ನಡೆಯುತ್ತದೆ. 2025ರಲ್ಲಿ ಆ ಶುಲ್ಕ 174.50 ಪೌಂಡು. ಅಳಿಯನಿಗೆ ಅದರ ಬಗ್ಗೆ ದೊಡ್ಡ ಅಸಮಾಧಾನವಿದೆ, ನನಗಿದ್ದದ್ದು ಬಿಡುವಿಲ್ಲದ ಚಿಕ್ಕ ಅಸಮಾಧಾನ. ಇಲ್ಲಿನವರು ಕಾರ್ಯಕ್ರಮ ಮುಗಿಯುವವರೆಗೆ ತಡೆದುಕೊಂಡಿದ್ದು, ಮುಗಿದೊಡನೆ ಒಟ್ಟಿಗೇ ಎದ್ದು ಕೆಟಲಿನಲ್ಲಿ ಚಹಾದ ನೀರಿಗಿಡುತ್ತಾರೆ. 1990ರ ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲಿನಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಗೆ ಸೋತ ರಾತ್ರಿ ವಿದ್ಯುತ್ತಿನ ಬೇಡಿಕೆ ಹೀಗೆ ಒಮ್ಮೆಗೇ ಸುಮಾರು 2800 ಮೆಗಾವಾಟ್ ಏರಿತು. ಜೋಗದ ಬಳಿಯ ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1035 ಮೆಗಾವಾಟ್. ದುಃಖದ ಆ ಒಂದು ಚಹಾಕ್ಕೆ ಎರಡೂವರೆ ಶರಾವತಿಗಳೂ ಸಾಲವು. ಇಂಥ ಹೊತ್ತಿಗೆಂದೇ ವೇಲ್ಸ್‌ನ ಡಿನೋರ್ವಿಗ್ ಎಂಬಲ್ಲಿ ಬೆಟ್ಟದೊಳಗೆ ಕಟ್ಟಿದ ಸ್ಥಾವರವೊಂದಿದೆ. ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟುಕೊಂಡು, ಬೇಕಾದಾಗ ಕೆಳಕ್ಕೆ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಅದು ವಿದ್ಯುತ್ತನ್ನು ಒದಗಿಸುತ್ತದೆ.

ಊಟದ ನಂತರ ಸ್ನೂಕರ್ ಬಂತು. ಏಪ್ರಿಲ್, ಮೇ ತಿಂಗಳಲ್ಲಿ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ ಹದಿನೇಳು ದಿನ ನಡೆಯುವ ವಿಶ್ವ ಚಾಂಪಿಯನ್‌ಷಿಪ್ ಅದು. 1977ರಿಂದ ಅಲ್ಲೇ ನಡೆಯುತ್ತಿದೆ. ಮೊದಲ ಅರ್ಧ ಗಂಟೆ ನನಗೆ ಏನೂ ತಿಳಿಯಲಿಲ್ಲ. ವೇಸ್ಟ್‌ಕೋಟ್ ತೊಟ್ಟ ಇಬ್ಬರು, ಒಬ್ಬ ಆಡುತ್ತಿದ್ದರೆ ಇನ್ನೊಬ್ಬ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ವೀಕ್ಷಕ ವಿವರಣೆಕಾರರು ಪೂಜೆಯ ವೇಳೆ ಗರ್ಭಗುಡಿಯ ಬಾಗಿಲಲ್ಲಿ ನಿಂತವರಂತೆ ಮೆಲ್ಲಗೆ ಮಾತನಾಡುತ್ತಿದ್ದರು. ಹದಿನೈದು ಕೆಂಪು ಚೆಂಡುಗಳು, ಬೇರೆ ಬೇರೆ ಬಣ್ಣದ ಆರು. ಒಂದು ಕೆಂಪು ಕುಳಿಗೆ ಬಿದ್ದ ಮೇಲೆ ಒಂದು ಬಣ್ಣದ ಚೆಂಡು, ಆ ಬಣ್ಣದ ಚೆಂಡನ್ನು ಮತ್ತೆ ಮೇಜಿನ ಮೇಲಿಡುವುದು, ಮತ್ತೊಂದು ಕೆಂಪು. ಒಂದು ಗಂಟೆ ಕಳೆಯುವಷ್ಟರಲ್ಲಿ ಯಾವ ಚೆಂಡಿನ ನಂತರ ಯಾವುದಕ್ಕೆ ಹೋಗಬೇಕೆಂದು ನಾನೇ ಆಟಗಾರನಿಗೆ ಸಲಹೆ ಕೊಡುತ್ತಿದ್ದೆ.

ಈ ಆಟ ಈ ವಾಹಿನಿಗೆ ಬಂದದ್ದು ಬಣ್ಣದ ಕಾರಣದಿಂದ. ಕರ್ನಾಟಕದ ಕಾಡುಗಳನ್ನು ಕುರಿತ ಸಾಕ್ಷ್ಯಚಿತ್ರಕ್ಕೆ ದನಿ ಕೊಟ್ಟು ನಮ್ಮವರಿಗೆ ಇನ್ನಷ್ಟು ಹತ್ತಿರವಾದ ಡೇವಿಡ್ ಆಟೆನ್‌ಬರೋ 1965ರಿಂದ ಕೆಲವು ವರ್ಷ ಬಿಬಿಸಿ ಟೂವಿನ ಮುಖ್ಯಸ್ಥರಾಗಿದ್ದರು. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸಿನ ಮೂಲಕ ಬ್ರಿಟನ್ನಿನ ಪರದೆಗೆ ಬಣ್ಣ ಬಂದದ್ದು ಅವರ ಕಾಲದಲ್ಲಿ. ಬಣ್ಣ ಬಂದ ಮೇಲೆ ಅದನ್ನು ತೋರಿಸಲು ಏನಾದರೂ ಬೇಕಲ್ಲ? ಹಸಿರು ಮೇಜಿನ ಮೇಲೆ ಬಣ್ಣಬಣ್ಣದ ಚೆಂಡುಗಳು ಉರುಳುವ ಆಟಕ್ಕಿಂತ ಅಗ್ಗವಾದದ್ದು ಇನ್ನೇನಿದೆ? 1969ರಲ್ಲಿ ಸ್ನೂಕರಿನ ವಾರದ ಕಾರ್ಯಕ್ರಮವೊಂದು ಆರಂಭವಾಯಿತು. ಆದರೆ ಹೆಚ್ಚಿನ ಮನೆಗಳಲ್ಲಿ ಆಗಿನ್ನೂ ಕಪ್ಪು ಬಿಳುಪಿನ ಪೆಟ್ಟಿಗೆಗಳೇ ಇದ್ದವು. ಟೆಡ್ ಲೋ ಎಂಬ ವಿವರಣೆಕಾರರು ಆ ಮನೆಗಳ ಮೇಲಿನ ಕರುಣೆಯಿಂದ, ಕಪ್ಪು ಬಿಳುಪಿನಲ್ಲಿ ನೋಡುತ್ತಿರುವವರ ಗಮನಕ್ಕೆ, ಗುಲಾಬಿ ಚೆಂಡು ಹಸಿರು ಚೆಂಡಿನ ಪಕ್ಕದಲ್ಲಿದೆ ಎಂದು ತಿಳಿಸಿದ್ದು ಇಲ್ಲಿ ಗಾದೆಯಂತೆ ನಿಂತಿದೆ. 1985ರ ಫೈನಲಿನಲ್ಲಿ ಡೆನಿಸ್ ಟೇಲರ್ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಿಂದ ಸ್ಟೀವ್ ಡೇವಿಸ್ಸರನ್ನು ಸೋಲಿಸಿದಾಗ ನಡುರಾತ್ರಿ ದಾಟಿತ್ತು; 1.85 ಕೋಟಿ ಜನ ಎದ್ದು ಕೂತು ನೋಡುತ್ತಿದ್ದರು. ಕೆಲವರಿಗೆಂದು ಹಾಕಿದ ಪಂಕ್ತಿಗೆ ಊರೇ ಬಂದು ಕೂತ ರಾತ್ರಿ ಅದು.

ಸಂಜೆ ಮಗಳು ಬಂದಾಗ, ಈ ಆಟ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ದಂಡಿನಲ್ಲೆಂದೂ, ಅದರ ನಿಯಮಗಳು ರೂಪು ತಳೆದದ್ದು ನಮ್ಮ ಪಕ್ಕದ ಊಟಿಯಲ್ಲೆಂದೂ, ಬೆಂಗಳೂರಿನ ಪಂಕಜ್ ಆಡ್ವಾಣಿ 2003ರಲ್ಲೇ ಇದರ ಹವ್ಯಾಸಿ ವಿಶ್ವಪ್ರಶಸ್ತಿ ಗೆದ್ದರೆಂದೂ ಹೇಳಿದೆ. ಅವಳು ಕೇಳಿದ್ದು ಮಧ್ಯಾಹ್ನದ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದನ್ನು ಮಾತ್ರ.

ನೆರೆಮನೆಯ ಅಜ್ಜಿಯ ಮನೆಗೆ ರೇಡಿಯೋ ಟೈಮ್ಸ್ ಎಂಬ ವಾರಪತ್ರಿಕೆ ಬರುತ್ತದೆ. 1923ರಿಂದ ಪ್ರಕಟವಾಗುತ್ತಿರುವ ಅದನ್ನು, ನಮ್ಮಮ್ಮ ಒಂಟಿಕೊಪ್ಪಲ್ ಪಂಚಾಂಗವನ್ನು ತಿರುವುತ್ತಿದ್ದಂತೆಯೇ, ಆಕೆ ಪೆನ್ನು ಹಿಡಿದು ತಿರುವುತ್ತಾರೆ. ತನ್ನ ಗಳಿಗೆಗಳಿಗೆ ಗೆರೆ ಎಳೆದು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಶುಕ್ರವಾರದ ತೋಟಗಾರಿಕೆ ಅವರದು. ಸೋಮವಾರ ರಾತ್ರಿ ವಿದ್ಯಾರ್ಥಿಗಳ ರಸಪ್ರಶ್ನೆ ಅಳಿಯನದು. ಆ ಕಾರ್ಯಕ್ರಮದಲ್ಲಿ ಹಿಂದಿನ ವಾರ ನಾನೂ ಒಂದು ಪ್ರಶ್ನೆಗೆ ಸರಿಯುತ್ತರ ಹೇಳಿದ್ದೆ, ದುರದೃಷ್ಟವಶಾತ್ ಆಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಡೀ ದಿನವನ್ನು ತಮ್ಮದೆನ್ನುವುದಿಲ್ಲ. ರಾಜಕೀಯದವರು ಎದ್ದು ಹೋದರೆ ಸ್ನೂಕರಿನವರು ಬರುತ್ತಾರೆ, ಅವರಿಗೂ ಇವರಿಗೂ ಮುಖಪರಿಚಯವಿಲ್ಲ. ಹತ್ತೂವರೆಯ ಸುಮಾರಿಗೆ 1980ರಿಂದ ನಡೆದುಬಂದಿರುವ ನ್ಯೂಸ್‌ನೈಟ್ ಎಂಬ ಸುದ್ದಿಚರ್ಚೆ ಬಂದಾಗ, ಆ ಪಂಕ್ತಿಯವರೆಲ್ಲ ಬಹಳ ಓದಿಕೊಂಡವರೆಂದು ತೋರಿ ನಾನು ಸ್ವಲ್ಪ ನೆಟ್ಟಗೆ ಕೂತೆ. ಆಮೇಲೆ ಹಾಗೇ ಕಣ್ಣು ಹತ್ತಿತು.

ಎಚ್ಚರವಾದಾಗ ನಡುರಾತ್ರಿ ಕಳೆದಿತ್ತು. ಮನೆಯವರು ಮಲಗಿದ್ದರಿಂದ ಸದ್ದನ್ನು ಪೂರ್ತಿ ಅಡಗಿಸಿದೆ. ಹಿಂದೆಯೇ ತೋರಿಸಿದ್ದ ಕಾರ್ಯಕ್ರಮವೊಂದು ಮತ್ತೆ ಬರುತ್ತಿತ್ತು, ಆದರೆ ಈ ಬಾರಿ ಪರದೆಯ ಮೂಲೆಯಲ್ಲಿ ಕಪ್ಪು ಅಂಗಿಯ ಹೆಂಗಸೊಬ್ಬರು ನಿಂತು, ಹೇಳಿದ್ದನ್ನೆಲ್ಲ ಸಂಜ್ಞಾಭಾಷೆಯಲ್ಲಿ ಕೈಯಿಂದ ಆಡಿ ತೋರಿಸುತ್ತಿದ್ದರು. ಕಿವಿ ಕೇಳದವರಿಗಾಗಿ ಈ ವಾಹಿನಿ ರಾತ್ರಿಯ ಹೊತ್ತು ಹೀಗೆ ಮರುಪ್ರಸಾರ ಮಾಡುತ್ತದೆ. ಆ ಪಂಕ್ತಿಯನ್ನು ಇಷ್ಟು ತಡವಾಗಿ ಹಾಕಿದ್ದು ನನಗೆ ಸರಿಕಾಣಲಿಲ್ಲ. ಒಂದು ಮರದ ಬಗ್ಗೆ ಹೇಳುತ್ತಿದ್ದರೆಂದು ತೋರುತ್ತದೆ; ಆಕೆಯ ಮೊಣಕೈ ನಿಂತಿತ್ತು, ಬೆರಳುಗಳು ಗಾಳಿಗೆ ಅಲುಗುತ್ತಿದ್ದವು.

ನೀರು ಕುಡಿಯಲು ಕೆಳಗೆ ಬಂದ ಮಗಳು ಬಾಗಿಲಲ್ಲಿ ನಿಂತಳು. “ಅಪ್ಪಾ, ಇನ್ನೂ ಮಲಗಿಲ್ವಾ? ಸೌಂಡೇ ಇಲ್ದೆ ಏನು ಅರ್ಥ ಆಗುತ್ತೆ ನಿಮಗೆ?”

“ಮರ ಅಂತ ಅರ್ಥ ಆಯ್ತಮ್ಮ” ಎಂದೆ. ಅವಳು ಲೋಟ ಹಿಡಿದುಕೊಂಡೇ ಬಂದು, ಸೋಫಾದ ತುದಿಯಲ್ಲಿ ಕೂತಳು.