ಪಾಯಿಂಟ್ ಬಂದವರ ಊರು

ಇಂಡಿಯಾದಿಂದ ಯಾರೇ ಬಂದರೂ ನನಗೆ ಒಂದು ಡ್ಯೂಟಿ ಕಾದಿರುತ್ತದೆ. ಡೆಟ್ರಾಯಿಟ್ ಪಕ್ಕದ ಗ್ರೋಸ್ ಪಾಯಿಂಟ್‌ಗೆ ಕರೆದುಕೊಂಡು ಹೋಗಿ ದೊಡ್ಡ ಮನೆಗಳನ್ನು ತೋರಿಸಬೇಕು. ಬಲಗಡೆ ಸೇಂಟ್ ಕ್ಲೇರ್ ಸರೋವರ, ಎಡಗಡೆ ಬಂಗಲೆಗಳು. ಕಾರು ತೇರಿನ ವೇಗದಲ್ಲಿ ಹೋಗಬೇಕು. ಈ ಸಲ ಜಯನಗರದ ದೊಡ್ಡಮ್ಮ ಬಂದಿದ್ದರು. ‘ಇಷ್ಟು ದೊಡ್ಡ ಮನೆ ಕಸ ಗುಡಿಸೋರು ಯಾರೋ?’ ಅಂತ ಅವರಿಗೆ ಅದೇ ಚಿಂತೆ.

ತಮಾಷೆ ಅಂದರೆ, ಇಲ್ಲಿ ಇರುವ ಮನೆಗಳಿಗಿಂತ ಇಲ್ಲದ ಮನೆಗಳಿಗೇ ಮರ್ಯಾದೆ ಜಾಸ್ತಿ. ಫೋನ್ ತೆಗೆದರೆ ಸಾಕು, ಕೆಡವಿದ ಬಂಗಲೆಯ ಕಪ್ಪು ಬಿಳುಪು ಫೋಟೋ. ಕೆಳಗೆ ಸಾಲಾಗಿ ಅಳುವ ಮುಖಗಳು. ಅದರಲ್ಲೂ ರೋಸ್ ಟೆರೇಸ್ ಫೋಟೋ ಬಂದ ದಿನ ಸೂತಕವೇ. ಡಾಡ್ಜ್ ಕಾರಿನ ಹೊರೇಸ್ ಡಾಡ್ಜ್ ತೀರಿಕೊಂಡ ಮೇಲೆ ಅವರ ಹೆಂಡತಿ ಆನಾ ಕಟ್ಟಿಸಿದ ಅರಮನೆ ಅದು. 1934ರಲ್ಲಿ ಮುಗಿಯಿತು. ಫ್ರಾನ್ಸಿನ ರಾಜರ ಕಾಲದ ಠೀವಿ. 1976ರಲ್ಲಿ ಕೆಡವಿ, ಜಾಗ ತುಂಡು ಮಾಡಿ, ಮನೆ ಕಟ್ಟಿದರು. ಅಯ್ಯೋ ಪಾಪ, ನಿಜ.

ಆದರೆ ಅದು ಎರಡನೇ ರೋಸ್ ಟೆರೇಸ್. ಮೊದಲನೆಯದು ಆಲ್ಬರ್ಟ್ ಕಾನ್ ವಿನ್ಯಾಸ ಮಾಡಿದ ಕೆಂಪು ಕಲ್ಲಿನ ಮನೆ. ಅದನ್ನು ಕೆಡವಿಸಿದವರು ಯಾರು? ಇದೇ ಆನಾ ಅಮ್ಮನವರು. ಅದಕ್ಕೆ ಅಳುವ ಮುಖ ಹಾಕಿದವರನ್ನು ನಾನಂತೂ ಕಂಡಿಲ್ಲ.

ಪುಣ್ಯಕ್ಕೆ ಎಡ್ಸೆಲ್ ಫೋರ್ಡ್ ಮನೆ ಉಳಿದಿದೆ. ಹೆನ್ರಿ ಫೋರ್ಡರ ಮಗ. ಇವರ ಮನೆಯೂ ಆಲ್ಬರ್ಟ್ ಕಾನ್ ಕೈಯದ್ದೇ. ಜಗತ್ತಿಗೆಲ್ಲ ಹೊಸ ಕಾರು ಮಾರಿದ ಮನೆತನಕ್ಕೆ ಇರಲು ಮಾತ್ರ ಇಂಗ್ಲೆಂಡಿನ ಹಳ್ಳಿಮನೆ ಥರದ್ದೇ ಬೇಕಿತ್ತು. ಚಾವಣಿಗೆ ಕಲ್ಲಿನ ಹಂಚು. ‘ಹಂಚಿನ ಮನೇನಾ? ನಮ್ಮ ತಾತನದ್ದು ಮಂಗಳೂರು ಹಂಚಿಂದು. ಮಾರಿ ಅಪಾರ್ಟ್‌ಮೆಂಟ್ ತಗೊಂಡ್ವಿ’ ಅಂದರು ದೊಡ್ಡಮ್ಮ. ಒಳಗಿನ ಮೆಟ್ಟಿಲು, ಗೋಡೆಯ ಮರದ ಹಲಗೆ ಎಲ್ಲ ಇಂಗ್ಲೆಂಡಿನ ಹಳೇ ಬಂಗಲೆಗಳಿಂದ ಬಿಚ್ಚಿ ತಂದದ್ದು. ಅಂದರೆ ಅಲ್ಲಿ ಯಾರದೋ ಮನೆ ಹೋಯಿತು. ಇಲ್ಲಿ ಪರಂಪರೆ ಆಯಿತು. ನಮ್ಮಲ್ಲೂ ಹಾಗೇ ಅಲ್ವಾ? ಚೆಟ್ಟಿನಾಡಿನ ಮನೆ ಬಿಚ್ಚಿದರೆ ಅದರ ಕಂಬ ಬೆಂಗಳೂರಿನ ರೆಸಾರ್ಟ್ ಬಾಗಿಲಲ್ಲಿ ನಿಂತು ‘ಸಂಸ್ಕೃತಿ’ ಆಗುತ್ತದೆ.

ಇರಲಿ. ಕಲ್ಲು, ಹಂಚು, ಮೆಟ್ಟಿಲಿನ ಲೆಕ್ಕ ಇಷ್ಟು ಚೆನ್ನಾಗಿ ಇಟ್ಟಿರುವ ಊರು, ಇನ್ನೊಂದು ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಇಟ್ಟಿತ್ತು. ಆ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ.

ಊರಿನ ಹೆಸರಲ್ಲೇ ಪಾಯಿಂಟ್ ಇದೆಯಲ್ಲ, ಅದಕ್ಕೆ ಸರಿಯಾಗಿ 1945ರಿಂದ 1960ರವರೆಗೆ ಇಲ್ಲಿ ಮನೆ ಕೊಳ್ಳಲು ಪಾಯಿಂಟ್ ಬೇಕಿತ್ತು. ದುಡ್ಡಿದ್ದರೆ ಸಾಲದು. ಮನೆ ಮಾರಿಸುವ ಏಜೆಂಟರು ಖಾಸಗಿ ಪತ್ತೇದಾರರನ್ನು ಬಿಟ್ಟು ವಿಚಾರಿಸುತ್ತಿದ್ದರು. ಉಡುಪು ಹೇಗೆ? ಮಾತಿನ ಧಾಟಿ ಎಂಥದ್ದು? ಬದುಕುವ ರೀತಿ ಅಮೆರಿಕನ್ ಅನ್ನಿಸುತ್ತದಾ? ಮೈಬಣ್ಣ ಎಷ್ಟು ಕಪ್ಪು: ಜಾಸ್ತಿಯಾ, ಸ್ವಲ್ಪವಾ, ಇಲ್ಲವೇ ಇಲ್ಲವಾ? ನಮ್ಮ ವಧು-ವರ ಜಾಹೀರಾತಿನ ‘ಗೋಧಿ ಬಣ್ಣ’ಕ್ಕೆ ಎಷ್ಟು ಅಂಕ ಬರುತ್ತಿತ್ತೋ.

ಎಂಥ ಅಚ್ಚುಕಟ್ಟು ಪರೀಕ್ಷೆ! ನೂರಕ್ಕೆ 50 ಬಂದರೆ ಪಾಸು. ಪೋಲೆಂಡ್ ಮೂಲದವರಿಗೆ 55 ಬೇಕು. ಇಟಲಿ, ಗ್ರೀಸ್ ಕಡೆಯವರಿಗೆ 65. ಯಹೂದಿಗಳಿಗೆ 85. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಒದ್ದಾಡಿದ ನನಗೆ ಆ 85 ನೋಡಿಯೇ ಜ್ವರ. ಪರೀಕ್ಷೆ ಬರೆದವನಿಗೆ ತಾನು ಪರೀಕ್ಷೆ ಬರೆದದ್ದೇ ಗೊತ್ತಿಲ್ಲ. ಕರಿಯರಿಗೆ, ನಮ್ಮಂಥ ಏಷ್ಯಾದವರಿಗೆ ಇಷ್ಟೂ ಕಷ್ಟ ಇರಲಿಲ್ಲ. ಹಾಲ್ ಟಿಕೆಟ್ಟೇ ಇಲ್ಲ.

ನಗು ಇಲ್ಲಿಗೆ ಸಾಕು. 1968ರ ಮಾರ್ಚ್ 14ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಇದೇ ಊರಿನ ಹೈಸ್ಕೂಲಿಗೆ ಬಂದು ಮಾತಾಡಿದರು. ಸಭೆಯಲ್ಲೇ ಎದ್ದು ನಿಂತು ಕೂಗಾಡಿದರು ಜನ. ಮೂರು ವಾರಕ್ಕೆ ಕಿಂಗ್ ಬೇರೆ ಊರಲ್ಲಿ ಗುಂಡಿಗೆ ಬಲಿಯಾದರು. 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ, ಕರಿಯರೇ ಹೆಚ್ಚಿರುವ ಡೆಟ್ರಾಯಿಟ್‌ನ ಗಡಿಯಲ್ಲಿ ನಡುರಸ್ತೆಗೇ ಸಂತೆಯ ಶೆಡ್ ಕಟ್ಟಿ ದಾರಿ ಬಂದ್ ಮಾಡಿದ್ದರು. ಗಲಾಟೆಯಾದ ಮೇಲೆ ತೆಗೆದರು. ಕೆಡವಿದ ಬಂಗಲೆಗೆ ಅಳಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡು ಕೈಯಲ್ಲಿ ಹಿಡಿದು ಬಂದು, ಯಾಕೆ ಅಂತಲೂ ಗೊತ್ತಾಗದೆ ವಾಪಸ್ ಹೋದ ಸಂಸಾರಗಳೂ ಈ ಊರಿನ ಚರಿತ್ರೆಯೇ ಅಲ್ವಾ? ಅವರಿಗೆ ಒಂದು ಅಳುವ ಮುಖ ಹಾಕಲು ಕೈಗೆ ಏನಾಗಿದೆ? ನನಗೆ ಸಾಕಾಗಿದೆ ಇದನ್ನೆಲ್ಲ ಹೇಳಿ ಹೇಳಿ.

ಕಾರಿನಲ್ಲಿ ಇಷ್ಟೂ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಥೂ, ಎಂಥ ಜನಾನೋ’ ಅಂದರು.

‘ದೊಡ್ಡಮ್ಮ, ಮೇಲಿನ ಮನೆ ಬಾಡಿಗೆಗೆ ಹೋಯ್ತಾ?’ ಅಂದೆ.

‘ಇನ್ನೂ ಇಲ್ಲ ಕಣೋ. ಮೊನ್ನೆ ಒಬ್ಬ ಹುಡುಗ ಬಂದಿದ್ದ. ಸಂಬಳ ಚೆನ್ನಾಗಿತ್ತು. ಯಾವ ಜನ ಅಂತ ಕೇಳಿದೆ. ಸರಿಯಾಗಿ ಹೇಳಲೇ ಇಲ್ಲ. ಅದಕ್ಕೇ ಬೇಡ ಅಂದ್ಬಿಟ್ಟೆ.’

ನಾನು ಕನ್ನಡಿಯಲ್ಲಿ ಅವರನ್ನೇ ನೋಡಿದೆ.

‘ಏನೋ ಹಾಗೆ ನೋಡ್ತೀಯ? ನಾವೇನು ಮಾರ್ಕ್ಸ್ ಹಾಕಿದ್ವಾ? ಸುಮ್ನೆ ಕೇಳಿದ್ದು.’