ಊಟ ನಿಲ್ಲಿಸಿ ಆಟ ತೋರಿಸಿದ ಹಡಗು

ಪ್ರವಾಸಿ ಹಡಗಿನಿಂದ ಇಳಿದು ನಾವು ಧಾರವಾಡಕ್ಕೆ ಮರಳಿ ಹತ್ತು ದಿನಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಶುಗರ್ ಗುಳಿಗೆ ನುಂಗಿ, ಎದುರಿಗೆ ಖಾಲಿ ತಟ್ಟೆ ಇಟ್ಟುಕೊಂಡು, 74 ವರ್ಷದ ನನ್ನ ಅವ್ವ ಕತ್ತಲೆಯಲ್ಲಿ ನಡುಗುತ್ತ ಕುಳಿತಿದ್ದಳು. ಅವಳಿಗೆಂದು ಮಾಡಿಸಿದ ಅನ್ನ ಅಡುಗೆಮನೆಯ ಬಾಗಿಲಿನಾಚೆ ಸಿದ್ಧವಾಗಿತ್ತು. ನಡುವೆ ಕಡಲ್ಗಳ್ಳರ ವೇಷ ತೊಟ್ಟವರು ಕುಣಿಯುತ್ತಿದ್ದರು. ಶೋ ಮುಗಿಯುವ ತನಕ ಏನನ್ನೂ ಬಡಿಸುವಂತಿಲ್ಲ ಎಂದು ನನಗೆ ಹೇಳಿದರು. ಊಟಕ್ಕೆ ಹಣ ಕೊಟ್ಟು, ಊಟದ ಕೋಣೆಯಲ್ಲಿ, ಊಟದ ಹೊತ್ತಿಗೆ ಸರಿಯಾಗಿ ಬಂದು ಕುಳಿತವರಿಗೆ ಊಟ ಬಡಿಸುವಂತಿಲ್ಲ ಎಂಬ ಮಾತನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಊರು ಬಿಟ್ಟು ಕದಲಿರಲಿಲ್ಲ. ಸಮುದ್ರದ ಮೇಲೆ ಒಂದು ರಾತ್ರಿ ಮಲಗಿ ಏಳಬೇಕೆಂಬುದು ಅವಳ ಹಳೆಯ ಆಸೆ. ಮಕ್ಕಳ ರಜೆ ನೋಡಿಕೊಂಡು, ಎರಡು ವರ್ಷ ಆರ್‌ಡಿ ಕಟ್ಟಿ ಕೂಡಿಸಿದ ಹಣದಲ್ಲಿ, ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ಮುಟ್ಟಿ ಮರಳುವ ನಾಲ್ಕು ರಾತ್ರಿಯ ಹಡಗಿಗೆ ಐದು ಜನರ ಟಿಕೆಟ್ ಮಾಡಿಸಿದೆ. ಟಿಕೆಟ್ ಮಾಡಿಕೊಟ್ಟ ಹುಬ್ಬಳ್ಳಿಯ ಏಜೆಂಟರು, "ಊಟ ಎಲ್ಲಾ ಅದರಾಗ ಬಂತ್ರಿ ಸರ್, ಮತ್ತ ಊಟದ ಜೋಡಿ ಶೋ ಬ್ಯಾರೆ ಐತಿ, ಹುಡುಗ್ರಿಗೆ ಭಾಳ ಖುಷಿ ಆಗ್ತೈತಿ" ಎಂದರು. ಊಟದ ಜೊತೆಗೆ ಶೋ ಎಂದು ನಾನು ತಿಳಿದುಕೊಂಡೆ. ಊಟವನ್ನು ತಡೆದು ಶೋ ಎಂದು ಯಾರೂ ಹೇಳಲಿಲ್ಲ.

ಹೋಗುವ ಮುಂಚೆ ನಾನು ಈ ವಿಷಯವನ್ನು ಶ್ರದ್ಧೆಯಿಂದಲೇ ಓದಿಕೊಂಡಿದ್ದೆ. 1998ರಲ್ಲಿ ಯಾನ ಆರಂಭಿಸಿದ ಡಿಸ್ನಿ ಮ್ಯಾಜಿಕ್ ಹಡಗಿನಲ್ಲಿ ಪ್ರಯಾಣಿಕರು ರಾತ್ರಿಗೊಂದು ರೆಸ್ಟೊರೆಂಟಿನಂತೆ ಸರದಿಯ ಮೇಲೆ ಊಟ ಮಾಡುತ್ತಾರೆ, ಬಡಿಸುವವರೂ ಅವರ ಹಿಂದೆಯೇ ಒಂದರಿಂದ ಇನ್ನೊಂದಕ್ಕೆ ಬರುತ್ತಾರೆ. ಅಲ್ಲಿಯ ಒಂದು ರೆಸ್ಟೊರೆಂಟು ಜನ ಬಂದು ಕೂಡುವಾಗ ಬರೀ ಕಪ್ಪು ಬಿಳುಪಾಗಿದ್ದು, ಊಟ ಸಾಗಿದಂತೆ ಗೋಡೆಯ ಚಿತ್ರಗಳಿಗೆ ಬಣ್ಣ ಏರುತ್ತ ಹೋಗುತ್ತಿತ್ತು. 2012ರಲ್ಲಿ ಬಂದ ಡಿಸ್ನಿ ಫ್ಯಾಂಟಸಿಯಲ್ಲಿ, ಊಟಕ್ಕೆ ಕುಳಿತವರು ಕಾಗದದ ಮೇಲೆ ಬಿಡಿಸಿಕೊಟ್ಟ ಗೊಂಬೆಯೇ ಪರದೆಯ ಮೇಲೆ ಎದ್ದು ಕುಣಿಯುವಂತೆ ಮಾಡಿದರು. 2024ರ ಯುಟೋಪಿಯಾ ಆಫ್ ದ ಸೀಸ್ ಹಡಗಿನಲ್ಲಿ ಒಂದು ಊಟದ ಕೋಣೆಯೇ ರೈಲು ಡಬ್ಬಿ. ಅದರ ಕಿಟಕಿಗಳೆಲ್ಲ ಪರದೆಗಳಾದ್ದರಿಂದ ಹೊರಗೆ ಊರು, ಗುಡ್ಡ ಓಡಿದಂತೆ ಕಾಣುತ್ತದೆ. ಇದನ್ನೆಲ್ಲ ಓದಿ ಹೇಳಿದ್ದಕ್ಕೆ ನನ್ನ ಆರು ವರ್ಷದ ಮಗಳು ತಿಂಗಳುಗಟ್ಟಲೆ ಗೊಂಬೆ ಬಿಡಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ನಾವು ಹೋದದ್ದು ಇವುಗಳಲ್ಲಿ ಯಾವ ಹಡಗೂ ಅಲ್ಲ. ಇಂಥವನ್ನು ನೋಡಿ ನಕಲು ಮಾಡಿದ ಬೇರೊಂದು. ನಕಲು ಮಾಡಿದವರು ವೇಷವನ್ನೂ ಗದ್ದಲವನ್ನೂ ತಂದುಕೊಂಡರು, ಊಟ ತನ್ನ ಪಾಡಿಗೆ ಸಾಗುತ್ತಿರುವಾಗ ಸುತ್ತಲಿನ ಗೋಡೆ ಮಾತ್ರ ಬದಲಾಗುವ ಆ ಸೂಕ್ಷ್ಮವನ್ನು ತರಲಿಲ್ಲ.

ಇಂಥ ಹಡಗುಗಳಲ್ಲಿ ರಾತ್ರಿಯ ಊಟ ಎರಡು ಪಂಕ್ತಿಗಳಲ್ಲಿ ನಡೆಯುತ್ತದೆ. ನಮಗೆ ಸಿಕ್ಕಿದ್ದು ಸಂಜೆ 5:45ರ ಮೊದಲ ಪಂಕ್ತಿ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿರುವುದರಿಂದ ನಮ್ಮ ಹೊಟ್ಟೆಗೆ ಅದು ಮಧ್ಯಾಹ್ನದ 3:15, ಅಂದರೆ ಧಾರವಾಡದಲ್ಲಿ ಚಹಾಕ್ಕೆ ನೀರಿಡುವ ಹೊತ್ತು. ಎರಡನೆಯ ಪಂಕ್ತಿಗೆ ಬದಲಿಸಿಕೊಡಿರೆಂದು ಕೇಳಿದರೆ ಜಾಗವಿಲ್ಲ ಎಂದರು. ಇರಲಿ, ಹೊಂದಿಕೊಂಡೆವು. ಅಲ್ಲಿಯ ಗಡಿಯಾರದಂತೆಯೇ, ರಾತ್ರಿ ಊಟಕ್ಕೆ ಕುಳಿತಾಗ ಗುಳಿಗೆ ಕೊಡಬೇಕು, ಗುಳಿಗೆ ಕೊಟ್ಟ ಮೇಲೆ ಊಟ ತಡವಾಗಬಾರದು ಎಂದು ನಮ್ಮ ವೈದ್ಯರು ಹೇಳಿ ಕಳಿಸಿದ್ದರು. ಮೊದಲ ರಾತ್ರಿ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಇಂಡೋನೇಷ್ಯಾದವನು, ಬಹಳ ಒಳ್ಳೆಯವನು. ಅವ್ವ ಮಾಂಸ, ಮೀನು, ತತ್ತಿ ಮುಟ್ಟುವುದಿಲ್ಲವೆಂದು ತಿಳಿದು, ಮರುದಿನಕ್ಕೆ ಅನ್ನ, ಬೇಳೆ, ಮೊಸರು ಮಾಡಿಸಿಡುತ್ತೇನೆಂದು ತಾನಾಗಿಯೇ ಬರೆದುಕೊಂಡ.

ಎರಡನೆಯ ರಾತ್ರಿ ಆ ಕಡಲ್ಗಳ್ಳರ ಔತಣ. ಕುಳಿತ ಕೂಡಲೇ ಅವ್ವನಿಗೆ ಗುಳಿಗೆ ಕೊಟ್ಟೆ. ಸೂಪು ಬಂತು, ಅವಳು ಎರಡು ಚಮಚ ಕುಡಿದು ಸರಿಸಿದಳು. ಬುಟ್ಟಿಯಲ್ಲಿದ್ದ ಬ್ರೆಡ್ಡನ್ನು ಹಸಿದ ಮಕ್ಕಳಿಬ್ಬರೂ ಮುಗಿಸಿದರು. ಇನ್ನೇನು ಅನ್ನ ಬರಬೇಕು ಎನ್ನುವಷ್ಟರಲ್ಲಿ, 6:10ಕ್ಕೆ, ದೀಪಗಳೆಲ್ಲ ಆರಿದವು. ಎದೆಗೂಡು ಅದುರುವಂತೆ ಡೋಲು ಬಾರಿಸಿದರು. ತಟ್ಟೆ ಹೊತ್ತು ಓಡಾಡುತ್ತಿದ್ದವರೆಲ್ಲ ಗೋಡೆಗುಂಟ ಸಾಲಾಗಿ ನಿಂತುಬಿಟ್ಟರು, ಆಮೇಲೆ ಅವರಿಗೂ ತಲೆಗೆ ಕೆಂಪು ಬಟ್ಟೆ ಕಟ್ಟಿ ಕುಣಿಯಲು ಎಳೆದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪಕ್ಕದಲ್ಲಿ ಕುಳಿತವರ ಮಾತು ಕೇಳದಷ್ಟು ಗದ್ದಲವಿದ್ದುದರಿಂದ ಅವ್ವ ನನ್ನ ಅಂಗಿಯ ತೋಳು ಜಗ್ಗಿದಳು. ಅವಳ ಕೈ ಮುಟ್ಟಿದರೆ ತಣ್ಣಗೆ, ಒದ್ದೆ. ಹಣೆ ಬೆವೆತಿತ್ತು. ಶುಗರ್ ಇಳಿಯುತ್ತಿದೆ ಎಂಬುದು ಗೊತ್ತಾಗಲು ನನಗೆ ವೈದ್ಯರು ಬೇಕಿರಲಿಲ್ಲ. ಒಮ್ಮೆ ಮನೆಯಲ್ಲೂ ಹೀಗಾಗಿತ್ತು.

ನನ್ನ ಹೆಂಡತಿಯ ಚೀಲದಲ್ಲಿ ಲೈನ್ ಬಜಾರಿನಿಂದ ತಂದ ಪೇಡೆಯ ಪೊಟ್ಟಣವಿತ್ತು. ಅದನ್ನು ಹುಡುಕಲು ನಾನು ಮೊಬೈಲಿನ ಟಾರ್ಚ್ ಹಚ್ಚಿದೆ. ಪುಡಿ ಸಕ್ಕರೆಯಲ್ಲಿ ಹೊರಳಿಸಿದ ಆ ಕಂದು ಪೇಡೆಯನ್ನು ಮುರಿದು ಅವ್ವನ ಬಾಯಿಗೆ ಇಡುತ್ತಿರುವಾಗ, ಕೋಟು ತೊಟ್ಟ ಮೇಲ್ವಿಚಾರಕರೊಬ್ಬರು ಬಗ್ಗಿ, ಟಾರ್ಚ್ ಆರಿಸಬೇಕು, ಉಳಿದವರ ಶೋ ಕೆಡುತ್ತದೆ ಎಂದರು. ನಾನು ತಾಯಿಯ ಸ್ಥಿತಿ ಹೇಳಿ, ಒಳಗಿರುವ ಅನ್ನವನ್ನಷ್ಟೇ ತಂದುಕೊಡಿರೆಂದು ಕೇಳಿಕೊಂಡೆ. ಇನ್ನು ಹತ್ತೇ ನಿಮಿಷ, ನಡುವೆ ಬಡಿಸುವಂತಿಲ್ಲ, ಕತ್ತಲಲ್ಲಿ ಬಿಸಿ ತಟ್ಟೆ ಹಿಡಿದು ಓಡಾಡುವುದು ಅಪಾಯ ಎಂದರು. ಹಾಗಾದರೆ ಕತ್ತಲೆ ಮಾಡಿದವರು ಯಾರು? ನಾಲ್ಕು ಪೇಡೆ ತಿಂದ ಮೇಲೆ ಅವ್ವನ ನಡುಕ ನಿಧಾನವಾಗಿ ನಿಂತಿತು. ಆ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿಯೇ ತೋಪು ಹಾರಿದ ಸದ್ದು ಮಾಡಿ ಜನರನ್ನು ನಗಿಸುತ್ತಿದ್ದರು.

ಅನ್ನ ಬಂದದ್ದು 6:50ಕ್ಕೆ. ಅಲ್ಲಿಗೂ ಮುಗಿಯಲಿಲ್ಲ. ಅವ್ವ ಮೊಸರನ್ನ ಕಲಸಿ ಎರಡನೆಯ ತುತ್ತು ಎತ್ತುತ್ತಿರುವಾಗ ವೇಷದವನೊಬ್ಬ ಮೇಜಿಗೆ ಬಂದು ಕೈ ಕುಲುಕಲೆಂದು ಕೈ ಚಾಚಿದ. ಎಂಜಲ ಕೈ ಹೇಗೆ ಕೊಟ್ಟಾಳು? ಎಡಗೈ ಕೊಡುವುದೂ ತಪ್ಪೆಂದು ತಿಳಿದವಳು ಅವಳು. ಕೈಯನ್ನು ತಟ್ಟೆಯ ಮೇಲೆ ಹಾಗೆಯೇ ಹಿಡಿದುಕೊಂಡು ತಲೆ ತಗ್ಗಿಸಿದಳು. ಅವನು ಬಿಡಲಿಲ್ಲ; ಹಿಂದೆಯೇ ಫೋಟೊ ತೆಗೆಯುವವನೂ ಬಂದ. ಅಷ್ಟರಲ್ಲಿ ಮೈಕಿನಲ್ಲಿ ಎಲ್ಲರೂ ಎದ್ದು ನಿಂತು ಕೈವಸ್ತ್ರ ಬೀಸಬೇಕೆಂದು ಕೂಗಿದರು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಅವ್ವ ಏಳಲಿಲ್ಲ. ಹಿಂದಿನ ಮೇಜಿನವರು ಬೀಸಿದ ಕೈವಸ್ತ್ರದ ತುದಿ ಅವಳ ಮೊಸರಿನಲ್ಲಿ ಅದ್ದಿ ಹೋಯಿತು. "ಉಣ್ಣಾಕ ಕುಂತವರನ್ನ ತಾಟಿನ ಮುಂದಿಂದ ಎಬ್ಬಸಬಾರದೋ ಯಪ್ಪಾ, ಇವರಿಗೆ ಯಾರೂ ಹೇಳಿಲ್ಲೇನು?" ಎಂದು ಕೇಳಿ, ಅವಳು ತಟ್ಟೆಯನ್ನು ಮುಂದಕ್ಕೆ ಸರಿಸಿದಳು. 7:30ಕ್ಕೆ ಮೇಜುಗಳನ್ನು ಬರಿದು ಮಾಡತೊಡಗಿದರು, ಏಕೆಂದರೆ ಎರಡನೆಯ ಪಂಕ್ತಿ ಬಾಗಿಲಿಗೆ ಬಂದು ನಿಂತಿತ್ತು.

ನಮ್ಮ ಕಡೆ ಯಾರ ಮನೆಗೆ ಹೋದರೂ, ಬಡಿಸಿದ ಮೇಲೆ ಹೇಳುವ ಮಾತು ಒಂದೇ: "ಸಾವಕಾಶ ಆಗಲಿ." ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಪ್ರಸಾದಕ್ಕೆ ಕುಳಿತವರಿಗೂ, ಮದುವೆಯ ನೂಕುನುಗ್ಗಲಿನ ಪಂಕ್ತಿಯಲ್ಲಿ ಕುಳಿತವರಿಗೂ, ಇನ್ನೊಂದು ಪಂಕ್ತಿ ಹಿಂದೆ ಕಾದು ನಿಂತಿದ್ದರೂ, ಅನ್ನ ಬಡಿಸುವ ಕೈ ನಡುವೆ ನಿಲ್ಲುವುದಿಲ್ಲ. ಆಟವನ್ನು ನಾವು ಕಂಡವರಲ್ಲವೆಂದು ದಯವಿಟ್ಟು ಯಾರೂ ತಿಳಿಯಬಾರದು. ಅವ್ವ ಗದಗಿನವಳು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಹೆಸರು ಕೇಳುತ್ತ ಬೆಳೆದವಳು, ಜಾತ್ರೆಗೆ ಬಂದ ಕಂಪನಿ ನಾಟಕಗಳನ್ನು ಬೆಳಗಿನ ಜಾವದ ತನಕ ಕುಳಿತು ನೋಡಿದವಳು. ಮನೆಯಲ್ಲಿ ರೊಟ್ಟಿ ಪಲ್ಯ ಉಂಡು, ಕೈ ತೊಳೆದು, ಚಾಪೆ ಹಿಡಿದುಕೊಂಡು ನಾಟಕಕ್ಕೆ ಹೋಗುತ್ತಿದ್ದರು; ಹಸಿವಾದರೆ ನಡುವಿನ ಬಿಡುವಿನಲ್ಲಿ ಗಿರ್ಮಿಟ್ಟು ಮಿರ್ಚಿ ಇರುತ್ತಿತ್ತು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡು ಕೇಳಿದವರೂ ನಮ್ಮ ಮನೆಯಲ್ಲಿದ್ದಾರೆ. ಹಾಡುವವರ ಮುಂದೆ ಯಾರೂ ತಾಟು ಹಿಡಿದು ಕೂಡುವುದಿಲ್ಲ, ಉಣ್ಣುವವರ ಮುಂದೆ ನಿಂತು ಯಾರೂ ತಾನ್ ಹೊಡೆಯುವುದಿಲ್ಲ. ಎರಡಕ್ಕೂ ಮರ್ಯಾದೆ ಇರುವುದರಿಂದಲೇ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ.

ಹಡಗಿನವರು ಇವನ್ನು ಒಂದುಗೂಡಿಸುವುದು ನಮ್ಮ ಸಂತೋಷಕ್ಕಾಗಿ ಮಾತ್ರ ಎಂದು ನಾನು ಈಗ ನಂಬುವುದಿಲ್ಲ. ಸಾವಿರಾರು ಜನರನ್ನು ಎರಡು ಪಂಕ್ತಿಗಳಲ್ಲಿ ಉಣ್ಣಿಸಿ ಎಬ್ಬಿಸಬೇಕಾದವರಿಗೆ ಶೋ ಎನ್ನುವುದು ಒಂದು ಗಂಟೆ ಬಾರಿಸಿದಂತೆ: ಎಲ್ಲರೂ ಒಟ್ಟಿಗೆ ಕೂಡಬೇಕು, ಒಟ್ಟಿಗೆ ಕಾಯಬೇಕು, ಒಟ್ಟಿಗೆ ನುಂಗಬೇಕು, ಒಟ್ಟಿಗೆ ಏಳಬೇಕು. ಬೆಲ್ಜಿಯಂನ ಕಲಾವಿದರು ರೂಪಿಸಿದ ಲ ಪೆತಿ ಶೆಫ್ ಎಂಬ ಆಟ ಕೆಲವು ಹಡಗುಗಳಲ್ಲಿದೆ. ಮೇಜಿನ ಮೇಲೆ ಬೆಳಕಿನಿಂದ ಮೂಡಿದ ಹೆಬ್ಬೆರಳು ಗಾತ್ರದ ಬಾಣಸಿಗ ನಿಮ್ಮ ತಟ್ಟೆಯಲ್ಲಿ ಅಡುಗೆ ಮಾಡಿದಂತೆ ತೋರಿಸಿ, ಅವನು ಮುಗಿಸಿದ ಮೇಲೆ ನಿಜವಾದ ತಿನಿಸು ಬರುತ್ತದೆ. ಕೌಶಲ ದೊಡ್ಡದೇ. ಆದರೆ ಅದಕ್ಕೆ ಹೋಗುವವರು ಗೊತ್ತಿದ್ದೇ, ಬೇರೆ ಹಣ ಕೊಟ್ಟು ಹೋಗುತ್ತಾರೆ. ನಮ್ಮನ್ನು ಕೂಡಿಸಿದ್ದು ಎಲ್ಲರಿಗೂ ಸೇರಿದ ದಿನದ ಊಟಕ್ಕೆ. ಎಂಟು ವರ್ಷದ ನನ್ನ ಮಗ ಆ ಕತ್ತಿವರಸೆಯನ್ನು ಬಾಯಿ ತೆರೆದು ನೋಡಿದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನೇ ಊಟವಾದ ಮೇಲೆ ಅರ್ಧ ತಾಸು ತೋರಿಸಿದ್ದರೆ ಅವ್ವನೂ ನೋಡುತ್ತಿದ್ದಳು. ಮಗಳು ಬಿಡಿಸಿಕೊಂಡು ಹೋಗಿದ್ದ ಗೊಂಬೆಯನ್ನು ಅಲ್ಲಿ ಯಾರೂ ಕೇಳಲೇ ಇಲ್ಲ.

ಮೇಲಿನ ಮಹಡಿಯ ಬಫೆಗೆ ಹೋಗಬೇಕಿತ್ತು ಎಂದು ಇಲ್ಲಿಗೆ ಬಂದ ಮೇಲೆ ಇಬ್ಬರು ಮೂವರು ಸ್ನೇಹಿತರು ಹೇಳಿದರು. ಮೂರನೆಯ ರಾತ್ರಿ ಅಲ್ಲಿಗೇ ಹೋದೆವು. ಆದರೆ ಅವ್ವನಿಗೆಂದು ಅನ್ನ ಬೇಳೆ ಮಾಡಿಸಿಡುತ್ತಿದ್ದ ಆ ಹುಡುಗ ಇದ್ದದ್ದು ಕೆಳಗಿನ ಊಟದ ಕೋಣೆಯಲ್ಲಿ. ಬಫೆಯಲ್ಲಿ ಯಾವುದರಲ್ಲಿ ಏನು ಹಾಕಿದ್ದಾರೆಂದು ಬಿಡಿಸಿ ಹೇಳುವವರು ಯಾರೂ ಸಿಗದೆ ಅವ್ವ ಹಣ್ಣು ತಿಂದು ಮಲಗಿದಳು. ನಾಲ್ಕನೆಯ ರಾತ್ರಿ ಆ ಹುಡುಗ ನಮ್ಮನ್ನು ಕಂಡು, ತನ್ನಿಂದ ತಪ್ಪಾಯಿತು ಎಂಬಂತೆ ಅವ್ವನ ಮುಂದೆ ಕೈ ಜೋಡಿಸಿದ. ತಪ್ಪು ಅವನದಲ್ಲ. ಬೆಳಗಿನಿಂದ ಭಾರದ ತಟ್ಟೆಗಳನ್ನು ಹೊತ್ತು ದಣಿದವನನ್ನು ರಾತ್ರಿ ತಲೆಗೆ ಬಟ್ಟೆ ಕಟ್ಟಿ ಕುಣಿಸುವವರದು. ತಲೆಗೆ ಇಷ್ಟೆಂದು ದಿನವೂ ಬಿಲ್ಲಿಗೆ ಸೇರಿಸುವ ಸೇವಾಶುಲ್ಕವನ್ನು ನಾನು ತಕರಾರಿಲ್ಲದೆ ಕೊಟ್ಟೆ, ಅದರಲ್ಲಿ ಅವನ ಪಾಲಿದೆ ಎಂಬ ಒಂದೇ ಕಾರಣಕ್ಕೆ. ಅವ್ವ ತಲೆ ತಗ್ಗಿಸಿ ಎಂಜಲ ಕೈ ಹಿಡಿದು ಕುಳಿತ ಫೋಟೊವನ್ನು ಇಳಿಯುವ ದಿನ ಗೋಡೆಗೆ ಹಚ್ಚಿ ಮಾರಾಟಕ್ಕೆ ಇಟ್ಟಿದ್ದರು. ಅದನ್ನು ನಾನು ಕೊಳ್ಳಲಿಲ್ಲ. ತೆಗೆಯಿರೆಂದು ಹೇಳಿ, ತೆಗೆಯುವ ತನಕ ಅಲ್ಲಿಯೇ ನಿಂತೆ.

ಊರಿಗೆ ಬಂದ ಮರುದಿನವೇ ಕಂಪನಿಗೆ ಎರಡು ಪುಟದ ಪತ್ರ ಬರೆದೆ. ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ, ಮುಂದಿನ ಪ್ರವಾಸಕ್ಕೆ ಶೇ. 10 ರಿಯಾಯಿತಿ ಎಂದು ಉತ್ತರ ಬಂತು. ರಿಯಾಯಿತಿ ಬೇಡವೆಂದು ತಿಳಿಸಿ, ಒಂದೇ ಪ್ರಶ್ನೆ ಕೇಳಿ ಮತ್ತೆ ಬರೆದಿದ್ದೇನೆ: ಶೋ ಇರುವ ರಾತ್ರಿ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಬಡಿಸುವುದನ್ನು ನಿಲ್ಲಿಸುತ್ತೀರಿ, ಅದನ್ನು ಟಿಕೆಟ್ಟಿನ ಮೇಲೆ ಏಕೆ ಅಚ್ಚು ಹಾಕುವುದಿಲ್ಲ? ಇದಕ್ಕೆ ಇನ್ನೂ ಉತ್ತರ ಬಂದಿಲ್ಲ.