ಲಾಗ್ ಕ್ಯಾನ್ಸಲ್, ದುಡ್ಡು ಡಬಲ್

ಲಾಗರಿದಮ್ ಕಲಿಸುವುದು ಯಾರ ಕೆಲಸ ಅಂತ ಇನ್ನೂ ತೀರ್ಮಾನವಾಗಿಲ್ಲ. ಹತ್ತನೇ ಕ್ಲಾಸಿನ ಗಣಿತದಲ್ಲಿ ಅದು ಇಲ್ಲ. ಫಸ್ಟ್ ಪಿಯುಸಿಯ ಕೆಮಿಸ್ಟ್ರಿಯಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಬಂದಾಗ ಅದು ಬೇಕು. ಕೆಮಿಸ್ಟ್ರಿಯವರು ‘ಅದು ಮ್ಯಾಥ್ಸ್‌ನವರು ಹೇಳಿರ್ತಾರಲ್ಲ’ ಅನ್ನುತ್ತಾರೆ. ಮ್ಯಾಥ್ಸ್‌ನವರು ‘ಹಿಂದೆಯೇ ಆಗಿರ್ತದೆ’ ಅನ್ನುತ್ತಾರೆ. ಕೊನೆಗೆ ಆ ಪಾಠ ಮಂಗಳೂರಿನ ಮಳೆಯಲ್ಲಿ ತೋಯ್ದುಕೊಂಡು ನಮ್ಮ ಮನೆಯ ಜಗಲಿಗೆ ಟ್ಯೂಷನ್ನಿಗೆ ಬರುತ್ತದೆ.

ನಾನು ಕಥೆಯಿಂದಲೇ ಶುರು ಮಾಡುವುದು. ಸ್ಕಾಟ್ಲೆಂಡಿನ ಜಮೀನುದಾರ ಜಾನ್ ನೇಪಿಯರ್ ಸುಮಾರು ಇಪ್ಪತ್ತು ವರ್ಷ ಲೆಕ್ಕ ಹಾಕಿ 1614ರಲ್ಲಿ ಲಾಗರಿದಮ್ಮನ್ನು ಲೋಕಕ್ಕೆ ಕೊಟ್ಟ. ಗುಣಿಸುವ ಕಡೆ ಕೂಡಿಸಿದರೆ ಸಾಕು, ಭಾಗಿಸುವ ಕಡೆ ಕಳೆದರೆ ಸಾಕು. ಹತ್ತರ ಆಧಾರದ, ಅಂದರೆ ಸಂಖ್ಯೆಯೊಂದು ಹತ್ತರ ಎಷ್ಟನೇ ಘಾತ ಅಂತ ಹೇಳುವ, ದೊಡ್ಡ ಟೇಬಲ್ ಮಾಡಿದ್ದು ಹೆನ್ರಿ ಬ್ರಿಗ್ಸ್, 1624ರಲ್ಲಿ. ಆತ 1ರಿಂದ 20,000ದವರೆಗೆ, ಮತ್ತೆ 90,000ದಿಂದ ಒಂದು ಲಕ್ಷದವರೆಗೆ ಮಾಡಿ, ನಡುವಿನದನ್ನು ಬಿಟ್ಟ. ಅದನ್ನು ತುಂಬಿಸಿದ್ದು 1628ರಲ್ಲಿ ವ್ಲಾಕ್ ಎಂಬ ಡಚ್ಚಿನವನು. ನಡುವಿನ ಪೋರ್ಷನ್ ಬಿಟ್ಟೂ ಹೆಸರು ಮಾಡಬಹುದು ಎಂಬುದಷ್ಟೇ ನಮ್ಮ ಮಕ್ಕಳ ತಲೆಗೆ ಹೋಯಿತು.

ಇನ್ನು ಅವರ ಸ್ವಂತ ಸಂಶೋಧನೆಗಳು. ಮೊದಲನೆಯದು, ಕೂಡಿಸುವ ಲೆಕ್ಕ ಇರುವ ಬ್ರಾಕೆಟ್ಟಿನ ಒಳಗೆ ಲಾಗ್ ಹಂಚುವುದು. ಒಳಗಿರುವವರಿಗೆಲ್ಲ ಒಂದೊಂದು ಲಾಗ್, ಯಾರಿಗೂ ಬೇಜಾರಾಗಬಾರದು. ‘ಹಾಗಲ್ಲ, ಬೇಕಾದರೆ ಯಾವುದಾದರೂ ಸಂಖ್ಯೆ ಹಾಕಿ ನೋಡು’ ಅಂದೆ. ಹುಡುಗ ಹಾಕಿದ್ದು 1, 2, 3. ಲೋಕದಲ್ಲಿ ಇಷ್ಟು ಸಂಖ್ಯೆಗಳಿರುವಾಗ ಅವನಿಗೆ ಇವೇ ಸಿಗಬೇಕೇ? ಒಂದು, ಎರಡು, ಮೂರು ಕೂಡಿಸಿದರೂ ಆರು, ಗುಣಿಸಿದರೂ ಆರು! ಟೇಬಲ್‌ನಲ್ಲಿ ಲಾಗ್ 1 ಅಂದರೆ ಸೊನ್ನೆ, ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771. ಕೂಡಿಸಿದ. 0.7781. ಲಾಗ್ 6 ನೋಡಿದರೆ 0.7782. ಕೊನೆಯ ಅಂಕಿ ಬೇರೆ ಉಂಟಲ್ಲ ಅಂತ ನನಗೆ ಒಂದು ಕ್ಷಣ ಜೀವ ಬಂತು. ‘ಅದು ರೌಂಡಿಂಗ್ ಎರರ್ ಟೀಚರ್’ ಅಂತ ಹಿಂದಿನಿಂದ ಒಬ್ಬಳು ಸಮಾಧಾನ ಹೇಳಿದಳು. ಅದು ನಿಜವೂ ಹೌದು.

ಎರಡನೆಯದು ಕ್ಯಾನ್ಸಲ್. ಮೇಲೆ ಲಾಗ್ 4, ಕೆಳಗೆ ಲಾಗ್ 2. ಅದೇ ಹುಡುಗ ಎರಡೂ ಲಾಗ್‌ಗೆ ಓರೆ ಗೀಟು ಎಳೆದ, 4ನ್ನು 2ರಿಂದ ಭಾಗಿಸಿದ, ಉತ್ತರ 2 ಅಂದ. ಸರಿಯಾದ ಉತ್ತರವೂ ಎರಡೇ. 4ರ ಬದಲು 8 ಹಾಕಿದ್ದರೆ ಸಿಕ್ಕಿಬೀಳುತ್ತಿದ್ದ. ಅಲ್ಲಿ 3 ಬರಬೇಕು, ಅವನಿಗೆ 4 ಬರುತ್ತಿತ್ತು. ಆದರೆ ಪಠ್ಯದಲ್ಲಿದ್ದದ್ದು 4. ಗಣಿತವೇ ಮಕ್ಕಳ ಪಕ್ಷ ಸೇರಿದರೆ ಟೀಚರ್ ಎಂತ ಮಾಡುವುದು?

ಇದೆಲ್ಲ ಎಂತಕ್ಕೆ ಬೇಕು ಅಂತ ಕೇಳಿದರು. ‘ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಯಾವಾಗ ಡಬಲ್ ಆಗ್ತದೆ ಅಂತ ಹೇಳಲಿಕ್ಕೆ’ ಅಂದೆ. ಮಳೆ ಬಿಡಲಿ ಅಂತ ಜಗಲಿಯ ತುದಿಯಲ್ಲಿ ಪೇಪರ್ ಓದುತ್ತ ಕೂತಿದ್ದ ಪಕ್ಕದ ಮನೆಯ ಅಂಕಲ್ ತಟ್ಟನೆ ಪೇಪರ್ ಇಳಿಸಿದರು. ಎಷ್ಟೆಂದರೂ 1906ರಲ್ಲಿ, ಒಂದೇ ವರ್ಷದಲ್ಲಿ, ಮಂಗಳೂರಿನಲ್ಲೊಂದು ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿಸಿದ ಸೀಮೆ ಇದು. ಇಲ್ಲಿ ಎಫ್‌ಡಿ ತಮಾಷೆಯ ವಿಷಯ ಅಲ್ಲ.

ವರ್ಷಕ್ಕೆ ಶೇಕಡಾ 7 ಚಕ್ರಬಡ್ಡಿ ಅಂದುಕೊಳ್ಳಿ ಅಂತ ಬೋರ್ಡಿನಲ್ಲಿ ಬರೆದೆ. ಡಬಲ್ ಆಗಲು ಎಷ್ಟು ವರ್ಷ ಅಂದರೆ, ಮೇಲೆ ಲಾಗ್ 2, ಕೆಳಗೆ ಲಾಗ್ 1.07. ನಾನು ತಿರುಗುವಷ್ಟರಲ್ಲಿ ಹುಡುಗ ಲಾಗ್‌ಗಳಿಗೆ ಗೀಟು ಎಳೆದು ಮುಗಿಸಿದ್ದ. ‘ಒಂದು ಪಾಯಿಂಟ್ ಎಂಟು ಏಳು ವರ್ಷ!’

‘ಎರಡು ವರ್ಷದ ಒಳಗೆ ಡಬಲ್ಲಾ? ಯಾವ ಬ್ಯಾಂಕು ಮಾರಾಯಾ?’ ಅಂಕಲ್ ಎದ್ದೇ ನಿಂತರು. ಇದೇ ಲೆಕ್ಕ ತೋರಿಸಿ ಬಾಗಿಲು ತೆರೆದು, ಒಂದು ಬೆಳಿಗ್ಗೆ ಸುಮ್ನೆ ಮುಚ್ಚಿದ ಫೈನಾನ್ಸುಗಳನ್ನು ಅವರು ನೋಡಿದವರೇ. ಆದರೂ ಕಣ್ಣಲ್ಲಿ ಆಸೆ.

0.3010ನ್ನು 0.0294ರಿಂದ ಭಾಗಿಸಿ ತೋರಿಸಿದೆ. ಹತ್ತು ವರ್ಷ ಮೂರು ತಿಂಗಳು. ಅಂಕಲ್ ಮುಖ ಇಳಿಯಿತು. ‘ಆ ಹುಡುಗನ ಲೆಕ್ಕವೇ ಒಳ್ಳೆದಿತ್ತು’ ಅಂತ ಗೊಣಗಿದರು. ಮತ್ತೆ ಏನೋ ನೆನಪಾಯಿತು. ‘ಸೀನಿಯರ್ ಸಿಟಿಜನ್ನಿಗೆ ಅರ್ಧ ಪರ್ಸೆಂಟ್ ಜಾಸ್ತಿ ಉಂಟಲ್ಲ, ಅದನ್ನು ಹಾಕಿ ನೋಡಿ.’

ಆಗ ನೋಡಬೇಕಿತ್ತು. ನಾನು ಹೇಳದೆಯೇ ಮಕ್ಕಳು ಲಾಗ್ ಟೇಬಲ್ ತೆರೆದರು. 1.075ಕ್ಕೆ ಹತ್ತರ ಸಾಲು, ಏಳರ ಕಾಲಂ, ಬಲಗಡೆಯ ಮೀನ್ ಡಿಫರೆನ್ಸಿನಲ್ಲಿ (ಕೊನೆಗೆ ಕೂಡಿಸಬೇಕಾದ ಅಂಕಿಗಳ ಕಾಲಂಗಳಲ್ಲಿ) ಐದು. ಬೆರಳು ಸಾಲು ತಪ್ಪದ ಹಾಗೆ ಸ್ಕೇಲ್ ಇಟ್ಟುಕೊಂಡು ಹುಡುಕಿದರು. 0.0314. ಭಾಗಿಸಿದರೆ ಒಂಬತ್ತು ವರ್ಷ ಏಳು ತಿಂಗಳು.

‘ಎಂಟು ತಿಂಗಳು ಉಳೀತು’ ಅಂತ ಅಂಕಲ್ ಕೂತರು. ‘ಆದರೆ ನಡುವೆ ಬಡ್ಡಿಯಿಂದ ಟ್ಯಾಕ್ಸ್ ಅಂತ ಟಿಡಿಎಸ್ ಕಟ್ ಮಾಡ್ತಾರಲ್ಲ, ಅದಕ್ಕೆ ಎಂತ ಮಾಡುವುದು?’

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ, ‘ಬ್ಯಾಂಕಿಗೆ ಅದರ ಫಾರಂ ಕೊಡಿ ಅಂಕಲ್. ಟ್ಯಾಕ್ಸ್ ಬರುವಷ್ಟು ಆದಾಯ ಇಲ್ಲದಿದ್ದರೆ ಟಿಡಿಎಸ್ಸನ್ನೇ ಕ್ಯಾನ್ಸಲ್ ಮಾಡಬಹುದು. ನಮ್ಮ ಅಜ್ಜಿಗೆ ಹಾಗೇ ಮಾಡಿದ್ದು.’